ಹಾಲೂಡಿಸುವ ನೊಣ, ಅಂಗಿ ಬದಲಿಸುವ ರೋಗಾಣು

ದನಗಳ ದೊಡ್ಡರೋಗವನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ಅಜ್ಜಂದಿರ ಕಾಲದಲ್ಲಿ ಅದು ಊರಿಗೆ ಬಂತೆಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ. ರಿಂಡರ್‌ಪೆಸ್ಟ್ ಅಂತ ಅದರ ಇನ್ನೊಂದು ಹೆಸರು. 2011ರಲ್ಲಿ ಅದು ಇಡೀ ಭೂಮಿಯಿಂದಲೇ ತೊಲಗಿತು ಎಂದು ಘೋಷಿಸಿದರು. ಅದಕ್ಕೊಂದು ಒಳ್ಳೆಯ ಲಸಿಕೆ ಇತ್ತು. ಒಮ್ಮೆ ಚುಚ್ಚಿದರೆ ದನಕ್ಕೆ ಬದುಕಿರುವಷ್ಟು ಕಾಲ ಸಾಕು.

ಆಫ್ರಿಕಾದ ದನಗಾಹಿಗಳಿಗೆ ಇನ್ನೊಂದು ಹಳೆಯ ಶತ್ರು ಇದೆ. ಹೆಸರು ನಗಾನ. ತ್ಸೆತ್ಸೆ ಎಂಬ ನೊಣ ಅದನ್ನು ಹರಡುತ್ತದೆ. ರೋಗಾಣು ಯಾವುದು, ಹರಡುವವರು ಯಾರು ಅನ್ನುವುದು 1890ರ ದಶಕದಲ್ಲೇ ಗೊತ್ತಾಗಿತ್ತು. ಆದರೂ ಲಸಿಕೆ ಇವತ್ತಿಗೂ ಇಲ್ಲ. ಅಪರಾಧಿ ಸಿಕ್ಕಿ ನೂರಿಪ್ಪತ್ತೈದು ವರ್ಷ ದಾಟಿದೆ, ಶಿಕ್ಷೆ ಮಾತ್ರ ಆಗಿಲ್ಲ. ಯಾಕೆ ಹೀಗೆ?

ಮೊದಲು ರೋಗ ಹೇಗಿರುತ್ತದೆ ನೋಡೋಣ. ದೊಡ್ಡರೋಗ ವಾರ, ಹತ್ತು ದಿನದಲ್ಲಿ ದನವನ್ನು ಕೆಡವುತ್ತಿತ್ತು. ನಗಾನಕ್ಕೆ ಅಂಥ ಅವಸರ ಇಲ್ಲ. ಜ್ವರ ಬರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಕುತ್ತಿಗೆ, ಹೆಗಲಿನ ಹತ್ತಿರದ ಗಂಟುಗಳು ಊದಿಕೊಳ್ಳುತ್ತವೆ. ಮೇವು ತಿಂದರೂ ಮೈ ಹಿಡಿಯುವುದಿಲ್ಲ. ರಕ್ತ ಕಡಿಮೆಯಾಗಿ ಕಣ್ಣಿನ ಒಳರೆಪ್ಪೆ, ಒಸಡು ಬಿಳಚಿಕೊಳ್ಳುತ್ತವೆ. ಹಾಲು ಇಳಿಯುತ್ತದೆ. ಗಬ್ಬದ ಹಸು ಕಂದು ಹಾಕುತ್ತದೆ. ನೊಗಕ್ಕೆ ಕಟ್ಟಿದ ಎತ್ತು ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ನಿಂತುಬಿಡುತ್ತದೆ. ತಿಂಗಳುಗಟ್ಟಲೆ ಹೀಗೇ ಸವೆದು, ಕೊನೆಗೆ ಒಂದು ದಿನ ಏಳುವುದಿಲ್ಲ. ನಗಾನ ಅನ್ನುವುದು ಜುಲು ಭಾಷೆಯ ಮಾತು. ಕುಗ್ಗಿ ಹೋಗುವುದು, ಜೀವಕಳೆ ಇಳಿಯುವುದು ಅನ್ನುವ ಅರ್ಥ ಅದಕ್ಕಿದೆ. ರೋಗ ನೋಡಿಯೇ ಇಟ್ಟ ಹೆಸರು.

ಆಫ್ರಿಕಾದಲ್ಲಿ ಇದು ವರ್ಷಕ್ಕೆ ಸುಮಾರು 30 ಲಕ್ಷ ದನಗಳನ್ನು ಕೊಲ್ಲುತ್ತದೆ ಎಂಬ ಅಂದಾಜಿದೆ. ಆದರೆ ಸತ್ತ ದನಗಳ ಲೆಕ್ಕ ಇಲ್ಲಿ ಪೂರ್ತಿ ಕಥೆ ಹೇಳುವುದಿಲ್ಲ. ಸಹಾರಾ ಮರುಭೂಮಿಯ ಕೆಳಗೆ ಸುಮಾರು ಒಂದು ಕೋಟಿ ಚದರ ಕಿಲೋಮೀಟರ್ ಜಾಗದಲ್ಲಿ ಈ ನೊಣ ಇದೆ. ಭಾರತದ ಮೂರು ಪಟ್ಟು ಅಂದುಕೊಳ್ಳಿ. ಅಲ್ಲಿನ ಎಷ್ಟೋ ಕಡೆ ಮಳೆ ಇದೆ, ಹುಲ್ಲಿದೆ, ಮಣ್ಣೂ ಚೆನ್ನಾಗಿದೆ. ಆದರೆ ಎತ್ತು ಸಾಕುವಂತಿಲ್ಲ. ಎತ್ತಿಲ್ಲದ ಕಡೆ ನೇಗಿಲಿಲ್ಲ, ಗಾಡಿಯಿಲ್ಲ, ಗೊಬ್ಬರವೂ ಇಲ್ಲ. ಉಳುವ ಕೆಲಸ ಗುದ್ದಲಿಗೆ ಬಿತ್ತು, ಹೊರೆ ತಲೆಗೆ ಬಿತ್ತು. ಸತ್ತ ದನಕ್ಕಿಂತ, ಸಾಕಲೇ ಆಗದ ದನದ ನಷ್ಟ ದೊಡ್ಡದು ಅನ್ನಿಸುತ್ತದೆ ನನಗೆ. ಅದನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ಬೆಟ್ಟದ ಮೇಲಿನ ಪ್ರಯೋಗ

1894ರ ಕೊನೆಯಲ್ಲಿ ಡೇವಿಡ್ ಬ್ರೂಸ್ ಎಂಬ ಬ್ರಿಟಿಷ್ ಸೇನಾ ವೈದ್ಯ ಈಗಿನ ದಕ್ಷಿಣ ಆಫ್ರಿಕಾದಲ್ಲಿರುವ ಉಬೊಂಬೊ ಎಂಬ ಬೆಟ್ಟದೂರಿಗೆ ಬಂದ. ಜೊತೆಗೆ ಹೆಂಡತಿ ಮೇರಿ. ಪ್ರಯೋಗಶಾಲೆಯ ಕೆಲಸದಲ್ಲಿ ಆಕೆಯ ಪಾಲೂ ದೊಡ್ಡದೇ, ಪುಸ್ತಕಗಳು ಅದನ್ನು ಹೇಳುವುದು ಕಡಿಮೆ ಅಷ್ಟೆ. ಜಾಗ ಅವರಿಗೆ ತುಂಬ ಅನುಕೂಲವಾಗಿತ್ತು. ಬೆಟ್ಟದ ಮೇಲೆ ತ್ಸೆತ್ಸೆ ನೊಣ ಇಲ್ಲ. ಕೆಳಗಿನ ಬಯಲಿನಲ್ಲಿ ತುಂಬಿಕೊಂಡಿದೆ.

ರೋಗದ ದನಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹಾವಿನ ಮರಿಯಂತೆ ನುಲಿಯುವ, ರಕ್ತಕಣಗಳ ನಡುವೆ ಒದ್ದಾಡುವ ಏನೋ ಕಾಣಿಸಿತು. ಅದು ಟ್ರಿಪನೊಸೋಮ. ಒಂದೇ ಜೀವಕೋಶದ ಪರಾವಲಂಬಿ ಜೀವಿ. ಹಾಗಾದರೆ ಅದು ದನದ ಮೈಗೆ ಹೋಗಿದ್ದು ಹೇಗೆ? ಹುಲ್ಲಿನಿಂದಲೋ, ನೀರಿನಿಂದಲೋ, ನೊಣದಿಂದಲೋ? ಬ್ರೂಸ್ ಆರೋಗ್ಯವಾಗಿದ್ದ ಕುದುರೆಗಳನ್ನು ಏನೂ ತಿನ್ನದಂತೆ, ಕುಡಿಯದಂತೆ ಮಾಡಿ ಕೆಳಗಿನ ಬಯಲಿಗೆ ಕರೆದೊಯ್ದು, ನೊಣ ಕಚ್ಚಿಸಿ, ಮತ್ತೆ ಬೆಟ್ಟಕ್ಕೆ ಹತ್ತಿಸಿದ. ಅವಕ್ಕೆ ರೋಗ ಬಂತು. ಕೆಳಗೆ ಹಿಡಿದ ನೊಣಗಳನ್ನು ಮೇಲೆ ತಂದು, ಬೆಟ್ಟ ಇಳಿಯದ ಪ್ರಾಣಿಗಳಿಗೆ ಕಚ್ಚಿಸಿದ. ಅವಕ್ಕೂ ಬಂತು. ಅಲ್ಲಿಗೆ ಹುಲ್ಲು, ನೀರಿನ ಮೇಲಿನ ಅನುಮಾನ ಹೋಯಿತು.

ಕಾಡೆಮ್ಮೆ, ಜಿಂಕೆ ಜಾತಿಯ ಪ್ರಾಣಿಗಳಿಗೂ ಇದಕ್ಕೂ ಸಂಬಂಧ ಇದೆ ಎಂದು ಅಲ್ಲಿನ ಜುಲು ಜನ ಮೊದಲಿಂದಲೂ ಹೇಳುತ್ತಿದ್ದರು. ಅದೂ ನಿಜವಾಯಿತು. ಆ ಪ್ರಾಣಿಗಳ ರಕ್ತದಲ್ಲಿ ಟ್ರಿಪನೊಸೋಮ ಇರುತ್ತದೆ, ಆದರೆ ಅವು ಆರಾಮಾಗಿ ಓಡಾಡಿಕೊಂಡಿರುತ್ತವೆ. ನೊಣ ಅಲ್ಲಿ ಕುಡಿದು ಇಲ್ಲಿ ಕಚ್ಚುತ್ತದೆ. ನಂತರ ಈ ರೋಗಾಣುವಿಗೆ ಟ್ರಿಪನೊಸೋಮ ಬ್ರೂಸಿ ಅಂತ ಬ್ರೂಸ್‌ನ ಹೆಸರನ್ನೇ ಇಟ್ಟರು. ಬ್ರೂಸ್ ಒಂದು ಕಡೆ ಮಾತ್ರ ಎಡವಿದ. ಸೂಜಿಯ ತುದಿಗೆ ರಕ್ತ ಅಂಟಿದ ಹಾಗೆ ನೊಣದ ಬಾಯಿಗೆ ರೋಗಾಣು ಅಂಟಿಕೊಂಡು ಹೋಗುತ್ತದೆ ಅಂದುಕೊಂಡಿದ್ದ. ಅದು ಹಾಗಲ್ಲ, ನೊಣದ ಹೊಟ್ಟೆಯೊಳಗೆ ವಾರಗಟ್ಟಲೆ ಬೆಳೆದು ರೂಪ ಬದಲಿಸುತ್ತದೆ ಎಂದು 1909ರಲ್ಲಿ ಫ್ರೆಡ್ರಿಕ್ ಕ್ಲೈನೆ ಎಂಬ ಜರ್ಮನ್ ವೈದ್ಯ ತೋರಿಸಿದ.

ದನಗಳಿಗೆ ಹೆಚ್ಚು ಕಾಟ ಕೊಡುವುದು ಇದೇ ಕುಲದ ಇನ್ನಿಬ್ಬರು: ಕಾಂಗೊಲೆನ್ಸೆ ಮತ್ತು ವೈವ್ಯಾಕ್ಸ್. ನೊಣದೊಳಗೆ ಮೂವರ ದಾರಿಯೂ ಬೇರೆ. ವೈವ್ಯಾಕ್ಸ್‌ಗೆ ನೊಣದ ಸೊಂಡಿಲೇ ಸಾಕು. ಕಾಂಗೊಲೆನ್ಸೆ ಕರುಳಿಗೆ ಇಳಿದು ಮತ್ತೆ ಸೊಂಡಿಲಿಗೆ ಬರುತ್ತದೆ. ಬ್ರೂಸಿ ಕರುಳಿನಿಂದ ಹೊರಟು ಜೊಲ್ಲು ಗ್ರಂಥಿಯವರೆಗೆ ದೊಡ್ಡ ಪ್ರಯಾಣ ಮಾಡಬೇಕು, ದಾರಿಯಲ್ಲೇ ಬಹುಪಾಲು ಸಾಯುತ್ತವೆ.

ಅಂಗಿಯ ಆಟ

ಲಸಿಕೆ ಯಾಕಿಲ್ಲ ಅನ್ನುವ ಪ್ರಶ್ನೆಗೆ ಉತ್ತರ ಈ ರೋಗಾಣುವಿನ ಹೊರಮೈಯಲ್ಲಿದೆ.

ಮಲೇರಿಯಾ ರೋಗಾಣು ರಕ್ತಕಣದ ಒಳಗೆ ಅಡಗಿ ಕೂರುತ್ತದೆ. ಟ್ರಿಪನೊಸೋಮ ಅಡಗುವುದಿಲ್ಲ. ರಕ್ತದಲ್ಲಿ ಬಯಲಾಗಿ ಈಜುತ್ತದೆ. ಅಂದರೆ ಮೈಯ ಕಾವಲು ಪಡೆ ದಿನವಿಡೀ ಅದನ್ನು ನೋಡುತ್ತಲೇ ಇರುತ್ತದೆ. ಆದರೆ ಕಾವಲಿಗೆ ಕಾಣುವುದು ರೋಗಾಣು ಅಲ್ಲ, ಅದು ತೊಟ್ಟ ಅಂಗಿ. ಒಂದೇ ಬಗೆಯ ಪ್ರೊಟೀನಿನ ಸುಮಾರು ಒಂದು ಕೋಟಿ ಪ್ರತಿಗಳನ್ನು ಒತ್ತೊತ್ತಾಗಿ ಹೆಣೆದು ಮಾಡಿದ ಅಂಗಿ. ಸಂದಿಯೇ ಇಲ್ಲ.

ದನದ ಮೈ ಆ ಅಂಗಿಯನ್ನು ಗುರುತು ಹಿಡಿಯುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಅದಕ್ಕೆ ಸರಿಯಾದ ಪ್ರತಿಕಾಯಗಳನ್ನು ತಯಾರಿಸಿ ದಾಳಿ ಮಾಡುತ್ತದೆ. ಕೋಟಿಗಟ್ಟಲೆ ಟ್ರಿಪನೊಸೋಮಗಳು ಸಾಯುತ್ತವೆ. ಜ್ವರ ಇಳಿಯುತ್ತದೆ. ದನ ಮೇಯಲು ಶುರು ಮಾಡುತ್ತದೆ. ಆದರೆ ಆ ಕೋಟಿಗಳಲ್ಲಿ ಕೆಲವು ಅಷ್ಟರಲ್ಲೇ ಅಂಗಿ ಬದಲಿಸಿರುತ್ತವೆ. ನೀಲಿ ಅಂಗಿಯವನನ್ನು ಹಿಡಿಯಿರಿ ಅಂತ ಪೊಲೀಸರಿಗೆ ಹೇಳಿದ್ದೀರಿ, ಅವನು ಸಂತೆಯ ನಡುವೆ ಕೆಂಪು ಅಂಗಿ ಹಾಕಿಕೊಂಡು ನಿಂತಿದ್ದಾನೆ. ಆ ಕೆಲವೇ ರೋಗಾಣುಗಳು ಮತ್ತೆ ಕೋಟಿಯಾಗುತ್ತವೆ. ಮತ್ತೆ ಜ್ವರ. ಮತ್ತೆ ಹೊಸ ಪ್ರತಿಕಾಯ. ಮತ್ತೆ ಹೊಸ ಅಂಗಿ.

ಅದರ ಬೀರುವಿನಲ್ಲಿ ಎಷ್ಟು ಅಂಗಿ ಇರಬಹುದು? ಬ್ರೂಸಿಯ ವಂಶವಾಹಿಗಳಲ್ಲಿ ಈ ಅಂಗಿಗೆ ಸೇರಿದವೇ ಎರಡು ಸಾವಿರದಷ್ಟಿವೆ. ಬಹಳಷ್ಟು ಅರೆಬರೆ, ಹರಿದ ತುಂಡುಗಳು. ಆದರೆ ಹರಿದದ್ದನ್ನೂ ಅದು ಬಿಸಾಡುವುದಿಲ್ಲ. ಇಲ್ಲಿಂದ ತೋಳು, ಅಲ್ಲಿಂದ ಕೊರಳುಪಟ್ಟಿ ತೆಗೆದು ಕೌದಿ ಹೊಲಿದ ಹಾಗೆ ಹೊಸ ಅಂಗಿ ಹೊಲಿಯುತ್ತದೆ. ಹಾಗಾಗಿ ಲೆಕ್ಕ ಎರಡು ಸಾವಿರಕ್ಕೂ ಮುಗಿಯುವುದಿಲ್ಲ. ಒಂದು ಸಲಕ್ಕೆ ತೊಡುವುದು ಮಾತ್ರ ಒಂದೇ.

ಲಸಿಕೆ ಅಂದರೆ ಏನು? ಕಳ್ಳನ ಫೋಟೊ ಮೊದಲೇ ಕಾವಲಿಗೆ ಕೊಟ್ಟಿಡುವುದು, ಅಲ್ವಾ? ಇಲ್ಲಿ ಯಾವ ಫೋಟೊ ಕೊಡುತ್ತೀರಿ? ದೊಡ್ಡರೋಗದ ವೈರಸ್‌ಗೆ ಇಂಥ ಆಟ ಗೊತ್ತಿರಲಿಲ್ಲ, ಒಂದೇ ಫೋಟೊ ಸಾಕಾಯಿತು. ಅಷ್ಟೇ ವ್ಯತ್ಯಾಸ. ನೈರೋಬಿಯಲ್ಲಿ 1973ರಲ್ಲಿ ದನಗಳ ರೋಗಗಳಿಗೇ ಒಂದು ಅಂತರರಾಷ್ಟ್ರೀಯ ಸಂಶೋಧನಾಲಯ ಕಟ್ಟಿದರು. ಅದರ ದೊಡ್ಡ ಗುರಿಗಳಲ್ಲಿ ನಗಾನದ ಲಸಿಕೆ ಒಂದು. ಅಂಗಿಯ ಬಗ್ಗೆ ಬೇಕಾದಷ್ಟು ತಿಳಿಯಿತು, ಲಸಿಕೆ ಬರಲಿಲ್ಲ.

ಔಷಧಿ ಇದೆ. ರೋಗ ಬಂದ ಮೇಲೆ ಕೊಡುವ ಡಿಮಿನಜೀನ್, ಕೆಲವು ತಿಂಗಳು ಬರದಂತೆ ತಡೆಯುವ ಐಸೊಮೆಟಮಿಡಿಯಂ. ಎರಡೂ ಅರವತ್ತು ವರ್ಷಕ್ಕಿಂತ ಹಳೆಯವು. ಕಾಸಿಗೆ ತಕ್ಕ ಹಾಗೆ ಕಡಿಮೆ ಪ್ರಮಾಣ ಚುಚ್ಚುವುದು, ನಕಲಿ ಪುಡಿ, ಇವೆಲ್ಲದರಿಂದ ಹಲವು ದೇಶಗಳಲ್ಲಿ ರೋಗಾಣು ಈ ಔಷಧಿಗಳಿಗೂ ಬಗ್ಗದ ಹಾಗಾಗಿದೆ.

ಒಂದು ಸಲಕ್ಕೆ ಒಂದೇ ಮರಿ

ರೋಗಾಣು ಬಗ್ಗಲಿಲ್ಲ ಅಂದಮೇಲೆ ಉಳಿದದ್ದು ನೊಣ. ಇದರ ಬದುಕು ಕೇಳಿದರೆ ನೊಣ ಅಂತಲೇ ಅನ್ನಿಸುವುದಿಲ್ಲ.

ನೋಡಲು ನಮ್ಮ ಮನೆನೊಣಕ್ಕಿಂತ ತುಸು ದೊಡ್ಡದು. ಕೂತಾಗ ರೆಕ್ಕೆಗಳನ್ನು ಮುಚ್ಚಿದ ಕತ್ತರಿಯ ಹಾಗೆ ಒಂದರ ಮೇಲೊಂದು ಮಡಿಸುತ್ತದೆ. ಅದರಿಂದಲೇ ಗುರುತು ಹಿಡಿಯಬಹುದು. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ. ಇಲ್ಲಿ ಗಂಡು, ಹೆಣ್ಣು ಎರಡೂ ಕುಡಿಯುತ್ತವೆ, ಬೇರೆ ಆಹಾರವೇ ಇಲ್ಲ. ರಕ್ತದಲ್ಲಿ ಬಿ ವಿಟಮಿನ್‌ಗಳು ಸಾಲದು. ಆ ಕೊರತೆ ತುಂಬಲು ನೊಣದ ಕರುಳಿನ ಹತ್ತಿರ ಒಂದು ಬಗೆಯ ಬ್ಯಾಕ್ಟೀರಿಯಾ ಬಾಡಿಗೆಗೆ ಇರುತ್ತವೆ. ಅವು ವಿಟಮಿನ್ ಮಾಡಿಕೊಡುತ್ತವೆ, ನೊಣ ಜಾಗ ಕೊಡುತ್ತದೆ.

ಮನೆನೊಣ ನೂರಾರು ಮೊಟ್ಟೆ ಇಡುತ್ತದೆ. ತ್ಸೆತ್ಸೆ ಮೊಟ್ಟೆಯನ್ನೇ ಇಡುವುದಿಲ್ಲ. ಒಂದೇ ಒಂದು ಮೊಟ್ಟೆ ತಾಯಿಯ ಗರ್ಭದೊಳಗೇ ಒಡೆಯುತ್ತದೆ. ಮರಿಹುಳು ಅಲ್ಲೇ ಬೆಳೆಯುತ್ತದೆ. ಅದಕ್ಕೆ ತಾಯಿ ಹಾಲು ಕೊಡುತ್ತದೆ! ಉಪಮೆ ಅಲ್ಲ, ಕೊಬ್ಬು, ಪ್ರೊಟೀನು ಇರುವ ಹಾಲಿನಂಥದೇ ದ್ರವ, ಅದಕ್ಕೇ ಬೇರೆ ಗ್ರಂಥಿ. ಒಂಬತ್ತು ಹತ್ತು ದಿನಕ್ಕೆ ಹೆರಿಗೆ. ಹುಟ್ಟುವ ಹುಳು ಹೆಚ್ಚುಕಡಿಮೆ ತಾಯಿಯಷ್ಟೇ ತೂಕ. ಅದು ನೆರಳಿನ ಸಡಿಲ ಮಣ್ಣಿಗೆ ಇಳಿದು ಗಟ್ಟಿ ಕಪ್ಪು ಕೋಶವಾಗಿ, ಸುಮಾರು ಒಂದು ತಿಂಗಳಾದ ಮೇಲೆ ನೊಣವಾಗಿ ಬರುತ್ತದೆ. ಹೆಣ್ಣು ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಗಂಡಿನ ಜೊತೆ ಕೂಡುತ್ತದೆ, ಆ ವೀರ್ಯವನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತದೆ. ಎರಡು ಮೂರು ತಿಂಗಳ ಆಯಸ್ಸಿನಲ್ಲಿ ಎಂಟು ಹತ್ತು ಮಕ್ಕಳಾದರೆ ಹೆಚ್ಚು.

ಇಷ್ಟು ನಿಧಾನವಾಗಿ ಹೆರುವ ಕೀಟವನ್ನು ಮುಗಿಸಲು ಸುಲಭ ಆಗಬೇಕಿತ್ತಲ್ಲ? ಅರ್ಧ ನಿಜ. ದಿನಾ ಸ್ವಲ್ಪ ಸ್ವಲ್ಪ ಹೆಣ್ಣುಗಳು ಸತ್ತರೂ ಸಾಕು, ಸಂಖ್ಯೆ ಕುಸಿಯುತ್ತದೆ. ಕಷ್ಟ ಏನೆಂದರೆ ಮರಿ ಇರುವುದು ತಾಯಿಯ ಹೊಟ್ಟೆಯಲ್ಲಿ ಇಲ್ಲವೇ ಮಣ್ಣಿನಡಿಯಲ್ಲಿ. ಸೊಳ್ಳೆಗೆ ಮಾಡಿದ ಹಾಗೆ ಹೊಂಡಕ್ಕೆ ಔಷಧಿ ಹೊಡೆಯಲು ಇಲ್ಲಿ ಹೊಂಡವೇ ಇಲ್ಲ. ಇನ್ನೊಂದು ಕಷ್ಟ, ಪಕ್ಕದ ಕಾಡಿನಲ್ಲಿ ನೊಣ ಉಳಿದಿದ್ದರೆ ಮತ್ತೆ ಬಂದುಬಿಡುತ್ತದೆ.

ಆದ್ದರಿಂದಲೇ ಮೊದಲ ಗೆಲುವು ಒಂದು ದ್ವೀಪದಲ್ಲಿ ಸಿಕ್ಕಿತು. ಪಶ್ಚಿಮ ಆಫ್ರಿಕಾದ ಪ್ರಿನ್ಸಿಪೆ ದ್ವೀಪದಲ್ಲಿ ತೋಟದ ಕೂಲಿಗಳ ಬೆನ್ನಿಗೆ ಅಂಟು ಬಳಿದ ಕಪ್ಪು ಬಟ್ಟೆ ಕಟ್ಟಿ ಕಳಿಸುತ್ತಿದ್ದರು. ಕಚ್ಚಲು ಬಂದ ನೊಣ ಅಲ್ಲೇ ಅಂಟಿಕೊಳ್ಳುತ್ತಿತ್ತು. ಕಾಡು ಕಡಿಯುವುದು, ಹಂದಿಗಳನ್ನು ಕೊಲ್ಲುವುದು ಇವೂ ಸೇರಿ 1914ರ ಹೊತ್ತಿಗೆ ಅಲ್ಲಿ ನೊಣ ಇಲ್ಲವಾಯಿತು. ಕೂಲಿಯವನ ಬೆನ್ನನ್ನೇ ಬಲೆ ಮಾಡಿದ ಕಾಲ ಅದು. 1956ರಲ್ಲಿ ನೊಣ ಮತ್ತೆ ಬಂದು ಸೇರಿಕೊಂಡಿತು ಅನ್ನುವುದು ಬೇರೆ ಮಾತು.

ಬೇರೆ ಕಡೆ ಮಾಡಿದ್ದು ಇನ್ನೂ ಒರಟು. ನೊಣ ಸಾಕುವುದು ಕಾಡುಪ್ರಾಣಿಗಳು ಅಂತ ಹೇಳಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಪೊದೆಗಾಡನ್ನು ಮೈಲುಗಟ್ಟಲೆ ಸವರಿದರು. ಆಮೇಲೆ ಡಿಡಿಟಿ ಬಂತು. ಈಗ ದಾರಿ ಬದಲಾಗಿದೆ. ತ್ಸೆತ್ಸೆಗೆ ನೀಲಿ ಬಣ್ಣ ಕಂಡರೆ ಆಸೆ, ಕಪ್ಪು ಕಂಡರೆ ಕೂರುತ್ತದೆ. ಹಾಗಾಗಿ ಕೀಟನಾಶಕ ಸವರಿದ ನೀಲಿ ಕಪ್ಪು ಬಟ್ಟೆಯ ಪರದೆಗಳನ್ನು ಬಯಲಿನಲ್ಲಿ ನೆಡುತ್ತಾರೆ. ಸಫಾರಿಗೆ ಹೋಗುವವರಿಗೆ ಜೀನ್ಸ್ ಬೇಡ ಎನ್ನುವುದೂ ಇದಕ್ಕೇ. ನೊಣ ವಾಸನೆಯನ್ನೂ ಹುಡುಕಿ ಬರುತ್ತದೆ. ದನದ ಉಸಿರಿನಲ್ಲಿ, ಮೂತ್ರದಲ್ಲಿ ಇರುವ ಕೆಲವು ರಾಸಾಯನಿಕಗಳು ಅದಕ್ಕೆ ಬೇಕು. ಕೀನ್ಯಾದ ನ್ಗುರುಮಾನ್ ಎಂಬಲ್ಲಿ ಮಸಾಯಿ ದನಗಾಹಿಗಳ ನಡುವೆ ಬಳಸಿದ ಬಲೆಗಳಿಗೆ ಇಟ್ಟ ಆಮಿಷ ಯಾವುದು ಗೊತ್ತಾ? ಹಳೆಯ ಗೋಮೂತ್ರ, ಜೊತೆಗೆ ಸ್ವಲ್ಪ ಅಸಿಟೋನ್.

ಇದರ ಉಲ್ಟಾ ಪ್ರಯೋಗವೂ ಇದೆ, ನನಗೆ ತುಂಬ ಇಷ್ಟವಾದದ್ದು ಅದೇ. ವಾಟರ್‌ಬಕ್ ಎಂಬ ಜಿಂಕೆಯಂಥ ಪ್ರಾಣಿ ನೊಣಗಳ ನಡುವೆಯೇ ಇದ್ದರೂ ತ್ಸೆತ್ಸೆ ಅದನ್ನು ಅಷ್ಟಾಗಿ ಕಚ್ಚುವುದಿಲ್ಲ. ವಾಸನೆ ಹಿಡಿಸುವುದಿಲ್ಲ. ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯವರು ಆ ವಾಸನೆಯನ್ನು ಪ್ರಯೋಗಶಾಲೆಯಲ್ಲಿ ಮಾಡಿ, ಡಬ್ಬಿಗೆ ತುಂಬಿ, ದನದ ಕೊರಳಿಗೆ ಕಟ್ಟಿದರು. ಕೀನ್ಯಾದ ಕರಾವಳಿಯ ಕಡೆ ಇದನ್ನು ಪರೀಕ್ಷಿಸಿದಾಗ ರೋಗ ಬಹಳ ಕಡಿಮೆಯಾಯಿತು. ನೊಣದ ಮಟ್ಟಿಗೆ ಆ ಹಸು ಹಸುವಲ್ಲ, ವಾಟರ್‌ಬಕ್.

ಜಾಂಜಿಬಾರಿನ ಉಂಗುಜ ದ್ವೀಪದಲ್ಲಿ ನೊಣದ ಏಕಪತಿವ್ರತವನ್ನೇ ಅದರ ವಿರುದ್ಧ ತಿರುಗಿಸಿದರು. ಮೊದಲು ದನಗಳಿಗೆ ಕೀಟನಾಶಕ ಸುರಿದು, ಪರದೆ ನೆಟ್ಟು ನೊಣಗಳನ್ನು ಕಡಿಮೆ ಮಾಡಿದರು. ಆಮೇಲೆ ಟಾಂಜಾನಿಯಾದ ಟಾಂಗಾ ಎಂಬ ಊರಿನಲ್ಲಿ ಸಾಕಿದ ಗಂಡು ನೊಣಗಳಿಗೆ ವಿಕಿರಣ ಕೊಟ್ಟು ಬಂಜೆ ಮಾಡಿ, 1994ರಿಂದ ವಿಮಾನದಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಉದುರಿಸತೊಡಗಿದರು. ಒಟ್ಟು 80 ಲಕ್ಷಕ್ಕೂ ಹೆಚ್ಚು. ಜೀವನದಲ್ಲಿ ಒಂದೇ ಸಲ ಕೂಡುವ ಹೆಣ್ಣು ಇಂಥ ಗಂಡಿಗೆ ಸಿಕ್ಕರೆ ಮುಗಿಯಿತು, ಮರಿಯೇ ಇಲ್ಲ. 1996ರ ಸೆಪ್ಟೆಂಬರ್ ನಂತರ ಅಲ್ಲಿ ಕಾಡಿನ ತ್ಸೆತ್ಸೆ ಬಲೆಗೆ ಬೀಳಲಿಲ್ಲ. ಆದರೆ ಇಡೀ ಖಂಡಕ್ಕೆ ಇದನ್ನು ಮಾಡುವುದು ಸುಮ್ನೆ ಮಾತಲ್ಲ. ಹತ್ತು ದಿನಕ್ಕೊಂದು ಮರಿ ಹೆರುವ ನೊಣವನ್ನು ಲಕ್ಷಗಟ್ಟಲೆ ಸಾಕುವುದೇ ದೊಡ್ಡ ತಲೆನೋವು.

ಹಿಣಿಲು ಇರುವ ದನ, ಇಲ್ಲದ ದನ

ಪಶ್ಚಿಮ ಆಫ್ರಿಕಾದಲ್ಲಿ ಎನ್‌ಡಾಮ ಅನ್ನುವ ಒಂದು ತಳಿ ಇದೆ. ಗಿಡ್ಡ ಮೈ, ಕಂದು ಬಣ್ಣ, ಬೆನ್ನ ಮೇಲೆ ಹಿಣಿಲಿಲ್ಲ. ಟ್ರಿಪನೊಸೋಮ ಮೈಯಲ್ಲಿದ್ದರೂ ಅದಕ್ಕೆ ರಕ್ತ ಅಷ್ಟಾಗಿ ಇಳಿಯುವುದಿಲ್ಲ. ಸಾವಿರಾರು ವರ್ಷ ನೊಣದ ಜೊತೆಯೇ ಬಾಳಿದ ತಳಿ ಅದು. ಬೇಗ ಬೀಳುವುದು ಹಿಣಿಲಿರುವ ಜೆಬು ದನಗಳು, ಆಫ್ರಿಕಾಕ್ಕೆ ತಡವಾಗಿ ಬಂದವು. ಈ ಜೆಬುಗಳ ಮೂಲ ನಮ್ಮ ಉಪಖಂಡ. ಹಳ್ಳಿಕಾರ್, ಅಮೃತಮಹಲ್ ದನಗಳ ದೂರದ ನೆಂಟರು. ಹಾಲು, ಮೈಗಾತ್ರ ನೋಡಿ ರೈತರು ಜೆಬು ಕಡೆಗೇ ವಾಲುತ್ತಾರೆ. ಅದು ತಪ್ಪು ಅಂತ ದೂರದಲ್ಲಿ ಕೂತು ಹೇಳುವುದು ಸುಲಭ.

ನಮ್ಮಲ್ಲಿ ತ್ಸೆತ್ಸೆ ಇಲ್ಲ. ಆದರೆ ಟ್ರಿಪನೊಸೋಮ ಇದೆ. ಬ್ರೂಸ್‌ಗಿಂತ ಹದಿನಾಲ್ಕು ಹದಿನೈದು ವರ್ಷ ಮೊದಲೇ, 1880ರಲ್ಲಿ, ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಸರ್ರಾ ರೋಗದ ಕುದುರೆ, ಒಂಟೆಗಳ ರಕ್ತದಲ್ಲಿ ಇದನ್ನು ಕಂಡಿದ್ದ. ಇದೇ ರೋಗಕ್ಕೆ ಕಾರಣ ಅಂದಾಗ ಮೇಲಿನವರು ನಂಬಲಿಲ್ಲ. ಈ ಟ್ರಿಪನೊಸೋಮ ಇವಾನ್ಸಿ, ಬ್ರೂಸಿಯ ಹತ್ತಿರದ ಬಳಗ. ತ್ಸೆತ್ಸೆಯ ಹೊಟ್ಟೆಯಲ್ಲಿ ಬೆಳೆಯಲು ಬೇಕಾದ ಕೆಲವು ವಂಶವಾಹಿಗಳನ್ನು ಇದು ಕಳೆದುಕೊಂಡಿದೆ. ಅದರಿಂದ ಲಾಭವೇ ಆಯಿತು. ದನಕ್ಕೆ, ಕುದುರೆಗೆ ಮುತ್ತುವ ದಪ್ಪ ಕುದುರೆನೊಣದ ಬಾಯಿಗೆ ಅಂಟಿಕೊಂಡು, ಬ್ರೂಸ್ ತಪ್ಪಾಗಿ ಊಹಿಸಿದ್ದನಲ್ಲ, ಅದೇ ಸೂಜಿಯ ದಾರಿಯಲ್ಲಿ ಇದು ಏಷ್ಯಾ, ದಕ್ಷಿಣ ಅಮೆರಿಕಗಳವರೆಗೆ ಹೋಯಿತು. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಇದರಿಂದಲೇ. ಮನುಷ್ಯರ ರಕ್ತದಲ್ಲಿ ಇದನ್ನು ಕೊಲ್ಲುವ ಒಂದು ಪ್ರೊಟೀನ್ ಇದೆ, ಹಾಗಾಗಿ ನಮಗೆ ಸಾಮಾನ್ಯವಾಗಿ ಭಯವಿಲ್ಲ. 2004ರಲ್ಲಿ ಮಹಾರಾಷ್ಟ್ರದ ಒಬ್ಬ ರೈತನಿಗೆ ಬಂದಾಗ ನೋಡಿದರೆ, ಅವನ ರಕ್ತದಲ್ಲಿ ಆ ಪ್ರೊಟೀನೇ ಇರಲಿಲ್ಲ. ಆಫ್ರಿಕಾದ ನಿದ್ದೆ ರೋಗ ತರುವ ಟ್ರಿಪನೊಸೋಮಗಳು ಮಾತ್ರ ಆ ಪ್ರೊಟೀನನ್ನು ಮೀರುವುದು ಕಲಿತಿವೆ.

ಕರ್ನಾಟಕದಲ್ಲೂ ಸರ್ರಾ ಕಾಣಿಸುತ್ತದೆ, ಮಳೆಗಾಲದಲ್ಲಿ, ಮಳೆ ಮುಗಿಯುವ ಹೊತ್ತಿಗೆ ನೊಣ ಹೆಚ್ಚಿದಾಗ ಜಾಸ್ತಿ. ಎಮ್ಮೆ, ಹಸು, ಕುದುರೆ, ನಾಯಿ ಯಾವುದಕ್ಕೂ ಬರಬಹುದು. ಬಿಟ್ಟು ಬಿಟ್ಟು ಜ್ವರ, ಹಾಲು ಇಳಿತ, ಕೆಲವು ಸಲ ಸುತ್ತು ಸುತ್ತು ತಿರುಗುವುದು, ನಾಯಿಗಾದರೆ ಕಣ್ಣು ಹಾಲುಗಟ್ಟಿದ ಹಾಗಾಗುವುದು. ಪಶುವೈದ್ಯರು ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡುತ್ತಾರೆ. ಏನೂ ಕಾಣಲಿಲ್ಲ ಅಂದರೆ ರೋಗ ಇಲ್ಲ ಅಂತಲ್ಲ. ಹಳೆಯ ಅಂಗಿಯವು ಸತ್ತು, ಹೊಸ ಅಂಗಿಯವು ಇನ್ನೂ ಹೆಚ್ಚಿರದ ದಿನ ತೆಗೆದ ರಕ್ತ ಅದಾಗಿರಬಹುದು. ಜ್ವರ ಏರಿದ ದಿನ ಇನ್ನೊಮ್ಮೆ ತೆಗೆಸಬೇಕು.